ಹಾಸಿಗೆಗೆ ಬಂದ ಪುಸ್ತಕ: ಶೇಡಬಾಳ ಸೀಮೆಯ ಇರುಳೋದಿನ ಚರಿತ್ರೆ

ರಾತ್ರಿ ದೀಪವಾರಿಸಿ ಹಾಸಿಗೆಯಲ್ಲಿ ಮಲಗಿ, ಅಂಗೈಯಗಲದ ವಿದ್ಯುನ್ಮಾನ ಸಾಧನದ ಬೆಳಕಿನಲ್ಲಿ ಓದುವುದು ಇಂದು ಬೆಳಗಾವಿ ಜಿಲ್ಲೆಯ ಉತ್ತರ ಅಂಚಿನ ಊರುಗಳಲ್ಲಿಯೂ ದಿನನಿತ್ಯದ ಸಂಗತಿಯಾಗಿದೆ. ಈ ರೂಢಿಯ ಚರಿತ್ರೆಯನ್ನು ಸಾಮಾನ್ಯವಾಗಿ ಸಾಧನಗಳ ಚರಿತ್ರೆಯಾಗಿ, ಅಂದರೆ ಯಾವ ವರ್ಷ ಯಾವ ಯಂತ್ರ ಮಾರುಕಟ್ಟೆಗೆ ಬಂದಿತು ಎಂಬ ಪಟ್ಟಿಯಾಗಿ ಬರೆಯಲಾಗುತ್ತದೆ. ಆದರೆ ಮಿರಜದಿಂದ ಕುಡಚಿಯ ಕಡೆಗೆ ಸಾಗುವ ರೈಲುಮಾರ್ಗದ ಮೇಲಿರುವ, ಈಗ ಕಾಗವಾಡ ತಾಲೂಕಿಗೆ ಸೇರಿದ ಶೇಡಬಾಳದಂಥ ಊರಿನಲ್ಲಿ ಈ ಕಥೆ ಯಂತ್ರದಿಂದ ಆರಂಭವಾಗುವುದಿಲ್ಲ. ಇಲ್ಲಿ ಇರುಳಿನಲ್ಲಿ ದೀಪ ಹಚ್ಚುವುದೇ ಶತಮಾನಗಳ ಕಾಲ ವಿಚಾರ ಮಾಡಿ ಮಾಡಬೇಕಾದ ಕೆಲಸವಾಗಿತ್ತು. ಓದಿಗೆ ತಕ್ಕ ಹೊತ್ತು ಯಾವುದು, ಓದುವವನು ಹೇಗೆ ಕುಳಿತಿರಬೇಕು ಎಂಬ ಪ್ರಶ್ನೆಗಳಿಗೆ ಶಾಸ್ತ್ರವೂ ಮನೆಯ ಹಿರಿಯರೂ ಖಚಿತವಾದ ಉತ್ತರವಿಟ್ಟುಕೊಂಡಿದ್ದರು.

ಶೇಡಬಾಳದ ರಾಜಕೀಯ ಪೂರ್ವೇತಿಹಾಸವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಪಟವರ್ಧನ ಮನೆತನದ ಕುರುಂದವಾಡ ಸಂಸ್ಥಾನ 1811ರಲ್ಲಿ ಎರಡಾಗಿ ಒಡೆದಾಗ ಒಂದು ಪಾಲು ಶೇಡಬಾಳದ ಹೆಸರಿನಲ್ಲಿ ನಡೆಯಿತು, 1857ರಲ್ಲಿ ಅದು ಬ್ರಿಟಿಷರ ವಶವಾಯಿತು. ಆಮೇಲೆ ಮುಂಬಯಿ ಪ್ರಾಂತದ ಭಾಗವಾಗಿದ್ದ ಈ ಸೀಮೆ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಪ್ರಸ್ತುತ ವಿಷಯಕ್ಕೆ ಇದಕ್ಕಿಂತ ಮುಖ್ಯವಾದುದು ಜನಜೀವನ. ಕೃಷ್ಣೆಯ ಎರಡೂ ದಂಡೆಗಳಲ್ಲಿ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಗಳವರೆಗೆ ಹರಡಿರುವ ದಿಗಂಬರ ಜೈನರಲ್ಲಿ ಬಹುಮಂದಿ ಒಕ್ಕಲುತನದವರು, ಮನೆಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ಮರಾಠಿಯನ್ನೂ ಸಮನಾಗಿ ಬಳಸುವವರು. ಹಗಲು ಹೊಲಕ್ಕೆ ಸಂದಾಯವಾಗುತ್ತಿದ್ದ ಈ ಬದುಕಿನಲ್ಲಿ ಓದಿಗೆ ಬಿಡುವು ಸಿಗುತ್ತಿದ್ದುದು ರಾತ್ರಿಯಲ್ಲಿ ಮಾತ್ರ. ಅದೇ ರಾತ್ರಿಯಲ್ಲಿ ದೀಪ ಹಚ್ಚಲು ಅವರ ಧರ್ಮ ಹಿಂಜರಿಯುತ್ತಿತ್ತು. ಈ ಸೀಮೆಯ ಇರುಳೋದಿನ ಚರಿತ್ರೆಯೆಲ್ಲ ಈ ಬಿಕ್ಕಟ್ಟಿನ ಸುತ್ತಲೇ ಬೆಳೆದಿದೆ.

ಹಿಂಜರಿಕೆಯ ಕಾರಣ ಅಹಿಂಸೆ. ಸೂರ್ಯಾಸ್ತದ ನಂತರ ಉಣ್ಣದಿರುವ ರಾತ್ರಿಭೋಜನತ್ಯಾಗ ಜೈನ ಗೃಹಸ್ಥರ ಆಚಾರಗಳಲ್ಲಿ ಎಲ್ಲರಿಗೂ ತಿಳಿದಿರುವಂಥದು. ಸಮಂತಭದ್ರರ 'ರತ್ನಕರಂಡಕ ಶ್ರಾವಕಾಚಾರ'ವು ಶ್ರಾವಕನು, ಅಂದರೆ ಗೃಹಸ್ಥ ಸಾಧಕನು, ಏರಬೇಕಾದ ಹನ್ನೊಂದು ಮೆಟ್ಟಿಲುಗಳಲ್ಲಿ ಇದನ್ನು ಆರನೆಯದಾಗಿ ಎಣಿಸುತ್ತದೆ. ದೀಪ ಹಚ್ಚಿಕೊಂಡು ಉಂಡರೆ ತಪ್ಪೇನು ಎಂಬ ಸಹಜ ಪ್ರಶ್ನೆಯನ್ನು ಅಮೃತಚಂದ್ರಾಚಾರ್ಯರು 'ಪುರುಷಾರ್ಥಸಿದ್ಧ್ಯುಪಾಯ'ದಲ್ಲಿ ಎತ್ತಿಕೊಂಡು, ಸೂರ್ಯನ ಬೆಳಕಿಲ್ಲದಾಗ ದೀಪವಿದ್ದರೂ ಸೂಕ್ಷ್ಮಜೀವಿಗಳ ಹಿಂಸೆ ತಪ್ಪದು ಎಂದು ವಾದಿಸುತ್ತಾರೆ. ಚರ್ಚೆ ಊಟದ ಕುರಿತಾದರೂ ಅದರ ತರ್ಕ ದೀಪಕ್ಕೇ ತಾಗುತ್ತದೆ: ಬೆಳಕಿಗೆ ಹುಳು ಬರುತ್ತದೆ, ಬಂದ ಹುಳು ಉರಿಯಲ್ಲಿ ಸಾಯುತ್ತದೆ. ಮಳೆಗಾಲದಲ್ಲಿ ಈ ಪ್ರಶ್ನೆ ತೀಕ್ಷ್ಣವಾಗುತ್ತಿತ್ತು, ಏಕೆಂದರೆ ಮುನಿಗಳು ವಿಹಾರ ನಿಲ್ಲಿಸಿ ಒಂದೇ ಊರಿನಲ್ಲಿ ತಂಗುವ ಚಾತುರ್ಮಾಸದ ನಾಲ್ಕು ತಿಂಗಳು ಶಾಸ್ತ್ರಶ್ರವಣ ಅತ್ಯಂತ ಹೆಚ್ಚಾಗಿ ನಡೆಯುವ ಕಾಲ, ದೀಪಕ್ಕೆ ಮುತ್ತುವ ಹುಳುಗಳ ಸಂಖ್ಯೆಯೂ ಅತ್ಯಂತ ಹೆಚ್ಚಿರುವ ಕಾಲ.

ಹಾಗೆಂದು ಇರುಳಿನಲ್ಲಿ ಅಧ್ಯಯನವೇ ಇರಲಿಲ್ಲವೆಂದು ತಿಳಿಯಬಾರದು. ಮುನಿಗಳ ಆಚಾರವನ್ನು ನಿರೂಪಿಸುವ ವಟ್ಟಕೇರರ 'ಮೂಲಾಚಾರ'ವು ಸ್ವಾಧ್ಯಾಯಕ್ಕೆ, ಅಂದರೆ ಆತ್ಮಹಿತಕ್ಕಾಗಿ ಮಾಡುವ ಶಾಸ್ತ್ರಾಭ್ಯಾಸಕ್ಕೆ, ದಿನದಲ್ಲಿ ನಾಲ್ಕು ಹೊತ್ತುಗಳನ್ನು ಹೇಳುತ್ತದೆ. ಅವುಗಳಲ್ಲಿ ಎರಡು ಹಗಲಿನವು, ಮತ್ತೆರಡು ಇರುಳಿನ ಮೊದಲ ಭಾಗ ಮತ್ತು ಕೊನೆಯ ಭಾಗ. ದೀಪವನ್ನೇ ಬಳಸದ ದಿಗಂಬರ ಮುನಿ ಕತ್ತಲಲ್ಲಿ ಸ್ವಾಧ್ಯಾಯ ಮಾಡಬೇಕಾದರೆ ಗ್ರಂಥ ಕಂಠಸ್ಥವಾಗಿರಲೇಬೇಕು. 'ತತ್ತ್ವಾರ್ಥಸೂತ್ರ' ಸ್ವಾಧ್ಯಾಯವನ್ನು ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ ಎಂದು ಐದಾಗಿ ವಿಂಗಡಿಸುತ್ತದೆ. ವಾಚನೆಯೆಂದರೆ ಗ್ರಂಥವನ್ನು ಓದುವುದು ಮತ್ತು ಓದಿಸುವುದು, ಪೃಚ್ಛನೆಯೆಂದರೆ ಕೇಳಿ ಸಂಶಯ ಪರಿಹರಿಸಿಕೊಳ್ಳುವುದು, ಅನುಪ್ರೇಕ್ಷೆಯೆಂದರೆ ತಿಳಿದುದನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ತಿರುಗಿಸಿ ನೋಡುವುದು, ಆಮ್ನಾಯವೆಂದರೆ ಶುದ್ಧ ಉಚ್ಚಾರಣೆಯಿಂದ ಆವರ್ತಿಸುವುದು, ಧರ್ಮೋಪದೇಶವೆಂದರೆ ಇತರರಿಗೆ ತಿಳಿಸುವುದು. ಇವುಗಳಲ್ಲಿ ಬೆಳಕು ಬೇಕೇಬೇಕಾದುದು ಮೊದಲನೆಯದಕ್ಕೆ ಮಾತ್ರ. ಹಗಲು ಕಣ್ಣಿನಿಂದ ಪಡೆದುದನ್ನು ಇರುಳು ನೆನಪಿನಿಂದ ಓದುವ ಈ ಪದ್ಧತಿಯನ್ನು ಓದೆಂದು ಕರೆಯಲು ಇಂದಿನವರು ಹಿಂಜರಿಯಬಹುದಾದರೂ, ಈ ಸೀಮೆಯ ಇರುಳೋದಿನ ಅತ್ಯಂತ ಹಳೆಯ ರೂಪ ಅದೇ ಎಂದು ಒಪ್ಪುವುದೇ ನ್ಯಾಯ.

ಓದುವ ಭಂಗಿಯ ವಿಷಯದಲ್ಲಿಯೂ ನಿಯಮ ಸ್ಪಷ್ಟವಾಗಿತ್ತು. ಜ್ಞಾನಾಚಾರವೆಂಬ ಹೆಸರಿನಲ್ಲಿ ಜೈನಶಾಸ್ತ್ರ ಹೇಳುವ ಎಂಟು ಅಂಗಗಳಲ್ಲಿ ಮೊದಲಿನ ಎರಡು ಕಾಲ ಮತ್ತು ವಿನಯ. ತಕ್ಕ ಹೊತ್ತಿನಲ್ಲಿ ಓದಬೇಕು, ಮೈಕೈ ಶುದ್ಧಿಯಿಂದ, ಆಸನ ಹಾಕಿ ಕುಳಿತು, ಗ್ರಂಥಕ್ಕೆ ಕೈಮುಗಿದು ಓದಬೇಕು. ಗ್ರಂಥದ ದೇಹವೂ ಈ ನಿಯಮಕ್ಕೆ ಹೊಂದಿಕೊಂಡಿತ್ತು. ಕಂಠವೆಂಬ ಉಕ್ಕಿನ ಮೊನೆಯಿಂದ ಕೊರೆದು, ಕೊರೆದ ಗೀರುಗಳಿಗೆ ದೀಪದ ಮಸಿಯನ್ನು ಉಜ್ಜಿ ಅಕ್ಷರ ಕಾಣಿಸುವಂತೆ ಮಾಡಿದ ತಾಳೆಗರಿಯ ಕಟ್ಟು ಉದ್ದವಾಗಿ, ಕಿರಿದಾಗಿ, ದಾರದಲ್ಲಿ ಪೋಣಿಸಿದ ಸಡಿಲ ಗರಿಗಳಾಗಿ ಇರುವುದರಿಂದ ಅದನ್ನು ತಿರುವಲು ಎರಡೂ ಕೈ ಬೇಕು, ಕೆಳಗೆ ಆಧಾರ ಬೇಕು. ಆ ಆಧಾರವೇ ಠವಣೆ, ಗ್ರಂಥವನ್ನು ನೆಲದಿಂದ ಎತ್ತರಿಸಿ ಇಡುವ ಪೀಠ. ಅಂಗಾತ ಮಲಗಿ ತಾಳೆಗರಿಯ ಗ್ರಂಥ ಓದುವುದು ಅವಿನಯವೆನಿಸುವ ಮೊದಲೇ ಅಸಾಧ್ಯವಾಗಿತ್ತು. ಇನ್ನು ಹಾಸಿಗೆ, ಕೌದಿ, ದಿಂಬುಗಳು ಶರೀರದ ಅಶುದ್ಧಿಗೆ ಸೇರಿದ ವಸ್ತುಗಳಾದುದರಿಂದ ಜಿನವಾಣಿಯನ್ನು, ಎಂದರೆ ತೀರ್ಥಂಕರರ ಮಾತೆಂದು ಪೂಜಿಸುವ ಶಾಸ್ತ್ರವನ್ನು, ಅವುಗಳ ಮೇಲೆ ಇಡುವ ಯೋಚನೆಯೇ ಬರುತ್ತಿರಲಿಲ್ಲ.

ಗೃಹಸ್ಥರ ಓದು ಬಹುಮಟ್ಟಿಗೆ ಕೇಳುವ ಓದಾಗಿತ್ತು. ಒಬ್ಬರು ಓದಿ ಅರ್ಥ ಹೇಳುವುದು, ಉಳಿದವರು ಕುಳಿತು ಕೇಳುವುದು ಬಸದಿಯಲ್ಲಿಯೂ ಮನೆಯಲ್ಲಿಯೂ ನಡೆದು ಬಂದ ಕ್ರಮ. ಭಾದ್ರಪದದ ದಶಲಕ್ಷಣ ಪರ್ವದಲ್ಲಿ 'ತತ್ತ್ವಾರ್ಥಸೂತ್ರ'ದ ಹತ್ತು ಅಧ್ಯಾಯಗಳನ್ನು ದಿನಕ್ಕೊಂದರಂತೆ ಹತ್ತು ದಿನ ವಿವರಿಸುವ ಪದ್ಧತಿ ಇಂದಿಗೂ ಉಳಿದಿದೆ. 16ನೆಯ ಶತಮಾನದ ರತ್ನಾಕರವರ್ಣಿಯ 'ಭರತೇಶ ವೈಭವ' ಹಾಡಲು ಬರುವ ಸಾಂಗತ್ಯ ಛಂದಸ್ಸಿನಲ್ಲಿ ಇರುವುದರಿಂದ, ಅಕ್ಷರ ಬಾರದವರಿಗೂ ಅದು ಕಿವಿಯ ಮೂಲಕ ದಕ್ಕುತ್ತಿತ್ತು. ಅನೇಕರ ಓದಿಗೆ ಒಂದೇ ದೀಪ ಸಾಕಾಗುವುದು ಈ ಕ್ರಮದ ದೊಡ್ಡ ಅನುಕೂಲ. ಎಣ್ಣೆಯೂ ಉಳಿಯುತ್ತಿತ್ತು, ಹಿಂಸೆಯೂ ಕಡಿಮೆಯಾಗುತ್ತಿತ್ತು. ಒಬ್ಬನೇ ತನಗಾಗಿ ಒಂದು ದೀಪ ಹಚ್ಚಿಕೊಂಡು ಸದ್ದಿಲ್ಲದೆ ಓದುವುದು ಇಂಥ ಸಮಾಜದಲ್ಲಿ ಸೊಕ್ಕಿನಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಗ್ರಂಥವನ್ನು ಗೌರವಿಸುವುದು ಎಷ್ಟು ದೂರ ಹೋಗಬಲ್ಲದು, ಎಲ್ಲಿ ಅದು ಓದಿಗೇ ಅಡ್ಡಿಯಾಗಬಲ್ಲದು ಎಂಬುದಕ್ಕೆ ಶೇಡಬಾಳದ ನೆರೆಯ ಮಿರಜಕ್ಕೆ ಸಂಬಂಧಿಸಿದ ಒಂದು ಪ್ರಸಂಗವಿದೆ, ಅದನ್ನು ಸ್ವಲ್ಪ ನಿಂತು ನೋಡಬೇಕು. ದಿಗಂಬರರ ಪರಮಾಗಮವಾದ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ 'ಧವಳಾ' ಟೀಕೆಯ ಹಳಗನ್ನಡ ಲಿಪಿಯ ತಾಳೆಗರಿ ಪ್ರತಿಗಳು ಮೂಡುಬಿದಿರೆಯಲ್ಲಿ ಮಾತ್ರ ಉಳಿದಿದ್ದವು, ಮತ್ತು ಶತಮಾನಗಳ ಕಾಲ ಯಾತ್ರಿಕರು ಅವನ್ನು ದರ್ಶನ ಮಾಡುತ್ತಿದ್ದರೇ ಹೊರತು ಓದುತ್ತಿರಲಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ಸೊಲ್ಲಾಪುರ, ಮುಂಬಯಿಗಳ ಶ್ರೀಮಂತ ಶ್ರಾವಕರ ಒತ್ತಾಯದಿಂದ ಪ್ರತಿ ತೆಗೆಯುವ ಕೆಲಸ ಆರಂಭವಾದಾಗ, ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳ ಜೊತೆಗೆ ಅದಕ್ಕೆ ನಿಯುಕ್ತರಾದವರು ಮಿರಜದ ಗಜಪತಿ ಶಾಸ್ತ್ರಿಗಳು. ಗ್ರಂಥ ಮೂಡುಬಿದಿರೆಯ ಹೊರಗೆ ಹೋಗಬಾರದೆಂಬ ಕಟ್ಟಳೆಯಿದ್ದರೂ ಗಜಪತಿ ಶಾಸ್ತ್ರಿಗಳು ತಮ್ಮ ವಿದುಷಿ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಮನೆಯಲ್ಲಿ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿ ಸಿದ್ಧಪಡಿಸಿದರು. ಆ ಪ್ರತಿ ಉತ್ತರ ಭಾರತದ ಸಹಾರನಪುರಕ್ಕೆ ಸೇರಿ, ಅಲ್ಲಿಂದ ಹಬ್ಬಿದ ನಕಲುಗಳ ಬಲದಿಂದಲೇ ಹೀರಾಲಾಲ್ ಜೈನರು 1939ರಲ್ಲಿ ಧವಳೆಯ ಮೊದಲ ಮುದ್ರಿತ ಸಂಪುಟವನ್ನು ಹೊರತರುವುದು ಸಾಧ್ಯವಾಯಿತು. ಕಟ್ಟಳೆ ಮೀರಿದ್ದಕ್ಕಾಗಿ ಆ ದಂಪತಿಗಳನ್ನು ದೂಷಿಸಿದವರಿದ್ದಾರೆ. ಆದರೆ ಗ್ರಂಥವನ್ನು ಪೆಟ್ಟಿಗೆಯಿಂದ ಮನೆಗೆ ತಂದು ಓದುಗರ ಕೈಗೆ ಮುಟ್ಟಿಸಿದ ಪುಣ್ಯ ಅವರದೇ ಎಂಬುದರಲ್ಲಿ ಸಂದೇಹವಿಲ್ಲ. ಆ ಸಂಪುಟಗಳ ಸಂಪಾದನೆಗೆ ನೆರವಾದ ಆದಿನಾಥ ನೇಮಿನಾಥ ಉಪಾಧ್ಯೆಯವರು ಚಿಕ್ಕೋಡಿ ತಾಲೂಕಿನ ಸದಲಗಾದವರು, 1967ರಲ್ಲಿ ಶ್ರವಣಬೆಳಗೊಳದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಅದೇ ಚಿಕ್ಕೋಡಿ ಸೀಮೆಯ ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರರು, ತಾಳೆಗರಿ ನಶಿಸಿದರೂ ಆಗಮ ನಶಿಸಬಾರದೆಂದು ಅದನ್ನು ತಾಮ್ರಪಟಗಳ ಮೇಲೆ ಕೊರೆಸುವ ಕಾರ್ಯಕ್ಕೆ ಪ್ರೇರಣೆಯಾದರು. ತಾಮ್ರಪಟ ಮತ್ತು ಮುದ್ರಿತ ಪುಸ್ತಕ ಒಂದೇ ಪೀಳಿಗೆಯಲ್ಲಿ, ಒಂದೇ ಗ್ರಂಥಕ್ಕಾಗಿ ಹುಟ್ಟಿದವು. ಒಂದು ಗ್ರಂಥವನ್ನು ಉಳಿಸಲು, ಇನ್ನೊಂದು ಅದನ್ನು ಹಂಚಲು.

ದೀಪದ ಕಡೆಗೆ ಮರಳಿದರೆ, ಈ ಸೀಮೆಯಲ್ಲಿ ದೊಡ್ಡ ಬದಲಾವಣೆ ತಂದುದು ರೈಲು. 1880ರ ದಶಕದ ಕೊನೆಗೆ ದಕ್ಷಿಣ ಮರಾಠಾ ರೈಲ್ವೆ ಬೆಳಗಾವಿ ಮಿರಜಗಳನ್ನು ಜೋಡಿಸಿದ ಮೇಲೆ ಡಬ್ಬಿಗಳಲ್ಲಿ ಬಂದ ಸೀಮೆಎಣ್ಣೆ (ಗಡಿಭಾಗದ ಆಡುಮಾತಿನ ಘಾಸಲೇಟ) ಕುಸುಬೆ ಎಣ್ಣೆ ಮತ್ತು ಹರಳೆಣ್ಣೆಯ ಪಣತಿಗಳನ್ನು ಕ್ರಮೇಣ ದೇವರ ಮುಂದಕ್ಕೆ ಸರಿಸಿತು. ಓದುವವರಿಗೆ ಒದಗಿದ್ದು ತಗಡಿನ ಚಿಮಣಿ ಬುಡ್ಡಿ ಮತ್ತು ಗಾಜಿನ ಬುರುಡೆಯ ಕಂದೀಲು. ಬುಡ್ಡಿಯ ಉರಿ ಬಯಲಾಗಿದ್ದು ಹೊಗೆಯನ್ನೂ ಹುಳುಗಳನ್ನೂ ಕೂಡಿಸುತ್ತಿತ್ತು. ಕಂದೀಲಿನ ಗಾಜು ಉರಿಗೂ ಹುಳುವಿಗೂ ನಡುವೆ ಗೋಡೆಯಾದುದರಿಂದ ಧರ್ಮಭೀರುಗಳಿಗೂ ಒಂದಿಷ್ಟು ಸಮಾಧಾನ ಕೊಟ್ಟಿತು. ಇದೇ ಕಾಲದಲ್ಲಿ ಓದು ಕಲಿಸುವ ಸಂಸ್ಥೆಗಳೂ ಹುಟ್ಟಿದವು. ನಿಪ್ಪಾಣಿಯ ಸಮೀಪದ ಸ್ತವನಿಧಿಯಲ್ಲಿ 1899ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಜೈನ ಸಭೆ ವಸತಿಗೃಹಗಳ ಮೂಲಕ ಒಕ್ಕಲಿಗರ ಮಕ್ಕಳಿಗೆ ಶಿಕ್ಷಣ ತಲುಪಿಸಿತು. ಶೇಡಬಾಳದಲ್ಲಿ ಶಾಂತಿಸಾಗರರ ಹೆಸರಿನ ಆಶ್ರಮ ಬೆಳೆಯಿತು. 1925ರ ಏಪ್ರಿಲ್ 22ರಂದು ಶೇಡಬಾಳದಲ್ಲಿ ಹುಟ್ಟಿದ ಸುರೇಂದ್ರ ಉಪಾಧ್ಯೆ 1963ರಲ್ಲಿ ಆಚಾರ್ಯ ದೇಶಭೂಷಣರಿಂದ ಮುನಿದೀಕ್ಷೆ ಪಡೆದು ವಿದ್ಯಾನಂದರಾಗಿ, ದೆಹಲಿಯಲ್ಲಿ ಕುಂದಕುಂದ ಭಾರತಿ ಎಂಬ ಪ್ರಾಕೃತ ಅಧ್ಯಯನ ಸಂಸ್ಥೆಗೆ ಕಾರಣರಾದುದು ಈ ಅಕ್ಷರಸಂಸ್ಕೃತಿಯ ಫಲವೇ ಆಗಿದೆ.

ಮಲಗಿ ಓದುವ ರೂಢಿಯನ್ನು ನಿಜವಾಗಿ ತಂದುದು ಒಂದೇ ಕೈಯಲ್ಲಿ ಹಿಡಿಯಬಹುದಾದ ಅಗ್ಗದ ಮುದ್ರಿತ ಪುಸ್ತಕ. 1933ರಲ್ಲಿ ಧಾರವಾಡದಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆ ಚಂದಾದಾರರಿಗೆ ಕನ್ನಡ ಕಾದಂಬರಿಗಳನ್ನು ಕಳಿಸಿತು, 1965ರಲ್ಲಿ ಆರಂಭವಾದ 'ಸುಧಾ' ವಾರಪತ್ರಿಕೆ ಧಾರಾವಾಹಿಗಳ ರುಚಿ ಹತ್ತಿಸಿತು. ಗಡಿಯಾಚೆಯಿಂದ ಮರಾಠಿ ಪುಸ್ತಕಗಳೂ ಪತ್ರಿಕೆಗಳೂ ಬರುತ್ತಲೇ ಇದ್ದವು. ಕಾದಂಬರಿಗೆ ಠವಣೆ ಬೇಡ, ಆಸನ ಬೇಡ, ಕೇಳುವ ಸಭೆಯೂ ಬೇಡ. ಶಾಸ್ತ್ರ ಬಸದಿಯ ಪೀಠದಲ್ಲಿಯೇ ಉಳಿಯಿತು, ಕಥೆ ಹಾಸಿಗೆಗೆ ಬಂದಿತು. ಆದರೆ ಬೆಳಕಿನ ವಿಷಯದಲ್ಲಿ ಓದುಗ ಇನ್ನೂ ಸ್ವತಂತ್ರನಾಗಿರಲಿಲ್ಲ. 1957ರಲ್ಲಿ ರಚನೆಯಾದ ವಿದ್ಯುತ್ ಮಂಡಳಿಯ ತಂತಿ ಊರಿಗೆ ಬಂದ ಮೇಲೂ ಸಾಮಾನ್ಯ ಮನೆಯಲ್ಲಿ ಪಡಸಾಲೆಗೊಂದು ದೀಪ, ಬಡವರಿಗೆ ಭಾಗ್ಯಜ್ಯೋತಿ ಯೋಜನೆಯ ಒಂದೇ ಬಲ್ಬು. ಅದು ಉರಿದರೆ ಮನೆಮಂದಿಗೆಲ್ಲ ಉರಿಯಬೇಕು, ಆರಿದರೆ ಎಲ್ಲರಿಗೂ ಆರಬೇಕು. ಪುಟ ಮುಗಿಯುವ ಮೊದಲೇ ದೀಪವಾರಿಸಬೇಕಾಗಿದ್ದ ಓದುಗರಿಗೆ ಅಡ್ಡವಾಗಿದ್ದುದು ಧರ್ಮಕ್ಕಿಂತ ಹೆಚ್ಚಾಗಿ ಪಕ್ಕದಲ್ಲಿ ಮಲಗಿದವರ ನಿದ್ದೆ.

ಈ ತೊಡಕನ್ನು ಬಿಡಿಸಿದ್ದು ತನ್ನ ಬೆಳಕನ್ನು ತಾನೇ ಹೊತ್ತು ತರುವ ಪುಟ. 2007ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಕಿಂಡಲ್ ಎಂಬ ಓದುಯಂತ್ರ ವಿದ್ಯುನ್ಮಾನ ಶಾಯಿಯನ್ನು ಬಳಸುತ್ತಿತ್ತು; ಕೂದಲೆಳೆಯಷ್ಟು ಸಣ್ಣ ಕೋಶಗಳಲ್ಲಿನ ಕಪ್ಪು ಬಿಳಿ ಕಣಗಳು ವಿದ್ಯುತ್ ಸಂಕೇತಕ್ಕೆ ತಕ್ಕಂತೆ ಮೇಲೆ ಕೆಳಗೆ ಸರಿದು ಅಕ್ಷರ ಮೂಡಿಸುವ ಈ ಪರದೆ ಕಾಗದದಂತೆಯೇ ಹೊರಗಿನ ಬೆಳಕಿನಿಂದ ಕಾಣುತ್ತದೆ, ಕತ್ತಲಲ್ಲಿ ಕಾಣುವುದಿಲ್ಲ. 2012ರ ಪೇಪರ್‌ವೈಟ್ ಮಾದರಿಯಲ್ಲಿ ಅಂಚಿನ ಸಣ್ಣ ದೀಪಗಳ ಬೆಳಕನ್ನು ಪುಟದ ಮೇಲೆ ಹರಡುವ ಏರ್ಪಾಡು ಬಂದ ಮೇಲೆಯೇ ಅದು ಇರುಳಿನ ಸಾಧನವಾಯಿತು. ಶೇಡಬಾಳ ಸೀಮೆಗೆ ಮುಖ್ಯವಾದ ಸಂಗತಿ ಇನ್ನೊಂದಿದೆ: 2016ರ ಡಿಸೆಂಬರಿನಲ್ಲಿ ಅಮೆಜಾನ್ ಕಂಪನಿ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕಿಂಡಲ್‌ಗೆ ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂಗಳಿಗೆ ಸ್ಥಾನ ದೊರೆಯಿತು, ಕನ್ನಡಕ್ಕೆ ದೊರೆಯಲಿಲ್ಲ. ಎರಡೂ ಭಾಷೆ ಓದಬಲ್ಲ ಗಡಿನಾಡಿನ ಮನೆಗೆ ಇದರ ಅರ್ಥ ತೀರ ನೇರವಾಗಿತ್ತು. ಮಿರಜದ ಭಾಷೆ ಆ ಯಂತ್ರದೊಳಗೆ ಇತ್ತು, ಅಥಣಿಯ ಭಾಷೆ ಇರಲಿಲ್ಲ. ಕನ್ನಡಕ್ಕೆ ಓದುಗರಿಲ್ಲವೆಂಬ ಭಾವನೆ ಇದರ ಹಿಂದೆ ಇದ್ದಿದ್ದರೆ ಅದು ಅನ್ಯಾಯದ ಭಾವನೆ.

ಕನ್ನಡ ಓದು ಹಾಸಿಗೆಗೆ ಬಂದುದು ಮೊಬೈಲ್ ಫೋನಿನ ಮೂಲಕ. 2010ರ ದಶಕದ ಮೊದಲ ವರ್ಷಗಳಲ್ಲಿ ಎಷ್ಟೋ ಫೋನುಗಳ ಪರದೆಯ ಮೇಲೆ ಕನ್ನಡ ಅಕ್ಷರಗಳ ಬದಲಿಗೆ ಖಾಲಿ ಚೌಕಗಳು ಕಾಣುತ್ತಿದ್ದವು, ಒತ್ತಕ್ಷರಗಳು ಬಿಡಿಬಿಡಿಯಾಗಿ ಒಡೆದು ಬರುತ್ತಿದ್ದವು. ಯುನಿಕೋಡ್ ಎಂಬ ಜಾಗತಿಕ ಅಕ್ಷರಸಂಕೇತ ವ್ಯವಸ್ಥೆಯನ್ನು ಸರಿಯಾಗಿ ತೋರಿಸುವ ಅಕ್ಷರಮಾದರಿಗಳು ಫೋನಿನೊಳಗೇ ಬಂದ ಮೇಲೆ ಆ ತೊಂದರೆ ತಗ್ಗಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಮೊಬೈಲ್ ಸೇವೆ ಆರಂಭವಾಗಿ ಅಂತರಜಾಲದ ಬೆಲೆ ಕುಸಿಯಿತು. 2020ರ ಹೊತ್ತಿಗೆ ಮೈಲ್ಯಾಂಗ್‌ನಂಥ ಕನ್ನಡದ್ದೇ ಆದ ಇ-ಪುಸ್ತಕ ಮಳಿಗೆಯೂ ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯವೂ ಫೋನಿಗೆ ಬಂದವು. ಪಂಪ್‌ಸೆಟ್ಟುಗಳಿಗೆ ಮೂರು ಫೇಸ್ ವಿದ್ಯುತ್ತು ಪಾಳಿಯ ಮೇಲೆ, ಹಲವು ಬಾರಿ ಸರಿರಾತ್ರಿಯಲ್ಲಿ, ದೊರೆಯುವ ಈ ಕಬ್ಬಿನ ಸೀಮೆಯಲ್ಲಿ ನೀರು ಹಾಯಿಸಲು ಹೋದ ರೈತನಿಗೆ ಹೊಲದ ಶೆಡ್ಡಿನ ಹೊರಸು ಕೂಡ ಓದುವ ಜಾಗವಾಗಬಲ್ಲದು. ಇಷ್ಟು ಅನುಕೂಲ ಯಾವ ಕಾಲದ ಕಂದೀಲಿಗೂ ಇರಲಿಲ್ಲ.

ಪರದೆಯ ಬೆಳಕಿಗೆ ಉರಿಯಿಲ್ಲ, ಆದುದರಿಂದ ಹುಳು ಬಂದರೂ ಸುಟ್ಟು ಸಾಯುವುದಿಲ್ಲ. ದೀಪದ ಕುರಿತ ಹಳೆಯ ಆಕ್ಷೇಪ ಬಹುಪಾಲು ಇಲ್ಲಿ ಸಡಿಲಾಗುತ್ತದೆ. ಅದರ ಬದಲಿಗೆ ಓದುವವನ ದೇಹಕ್ಕೇ ಸಂಬಂಧಿಸಿದ ಹೊಸ ಆಕ್ಷೇಪ ಹುಟ್ಟಿದೆ. ಕಣ್ಣಿನ ಅಕ್ಷಿಪಟಲದ ಕೆಲವು ಕೋಶಗಳು ನೀಲಿ ಬೆಳಕಿಗೆ ವಿಶೇಷವಾಗಿ ಸ್ಪಂದಿಸಿ, ಕತ್ತಲಾಯಿತೆಂದು ದೇಹಕ್ಕೆ ತಿಳಿಸುವ ಮೆಲಟೋನಿನ್ ಎಂಬ ಹಾರ್ಮೋನಿನ ಸ್ರಾವವನ್ನು ತಡೆಯುತ್ತವೆ. ಬಿಳಿ ಎಲ್‌ಇಡಿಯ ಮೂಲವೇ ನೀಲಿ ಬೆಳಕಾದುದರಿಂದ ಫೋನಿನ ಪರದೆಯಲ್ಲಿ ಅದರ ಅಂಶ ಹೆಚ್ಚು. ಅಮೆರಿಕದಲ್ಲಿ ಆನ್-ಮರೀ ಚಾಂಗ್ ಮತ್ತು ಸಂಗಡಿಗರು 12 ಜನರ ಮೇಲೆ ನಡೆಸಿ 2014ರ ಕೊನೆಗೆ ಪ್ರಕಟಿಸಿದ ಅಧ್ಯಯನದಲ್ಲಿ, ಮಲಗುವ ಮುನ್ನ ನಾಲ್ಕು ತಾಸು ಬೆಳಗುವ ಪರದೆಯಲ್ಲಿ ಓದಿದವರಿಗೆ ಮುದ್ರಿತ ಪುಸ್ತಕ ಓದಿದಾಗಿನದಕ್ಕಿಂತ ನಿದ್ದೆ ಹತ್ತಲು ಸುಮಾರು 10 ನಿಮಿಷ ಹೆಚ್ಚು ಹಿಡಿಯಿತು, ಮೆಲಟೋನಿನ್ ಏರುವ ಹೊತ್ತು ಸುಮಾರು ಒಂದೂವರೆ ತಾಸು ಹಿಂದೆ ಬಿದ್ದಿತು. ಪ್ರಯೋಗ ಚಿಕ್ಕದು, ಪರದೆಯನ್ನು ಪೂರ್ಣ ಪ್ರಕಾಶದಲ್ಲಿ ಇಡಲಾಗಿತ್ತು. ಅದರಿಂದ ಇರುಳೋದೇ ಕೆಡುಕೆಂದು ತೀರ್ಮಾನಿಸುವುದು ಸರಿಯಲ್ಲ. ಆದರೂ ಓದಿಗೆ ಹೊತ್ತೆಂಬುದೊಂದು ಇದೆ ಎನ್ನುವ ಕಾಲನಿಯಮಕ್ಕೆ ಶರೀರಶಾಸ್ತ್ರದಿಂದ ಬಂದ ಈ ಬೆಂಬಲ ಗಮನಾರ್ಹ.

ವಿನಯದ ಪ್ರಶ್ನೆ ಇದಕ್ಕಿಂತ ಕಠಿಣ. ಮುದ್ರಣಯುಗದಲ್ಲಿ ಶಾಸ್ತ್ರಕ್ಕೆ ಪೀಠ, ಕಾದಂಬರಿಗೆ ಹಾಸಿಗೆ ಎಂದು ಜಾಗಗಳು ಹಂಚಿಕೆಯಾಗಿದ್ದವು. ಈಗ ಶಾಸ್ತ್ರಗ್ರಂಥವಾದ 'ಸಮಯಸಾರ'ವೂ ಪತ್ತೇದಾರಿ ಕಥೆಯೂ ಒಂದೇ ಗಾಜಿನ ಹಿಂದೆ ಇವೆ, ಆ ಗಾಜು ದಿಂಬಿನ ಪಕ್ಕದಲ್ಲಿದೆ. ಗ್ರಂಥ ಅಕ್ಷರರೂಪದಲ್ಲಿ ತೆರೆದಾಗ ಮಾತ್ರ ಫೋನು ಶಾಸ್ತ್ರವೆನಿಸುತ್ತದೆಯೇ, ಮುಚ್ಚಿದಾಗ ಬರಿಯ ವಸ್ತುವಾಗುತ್ತದೆಯೇ ಎಂಬುದನ್ನು ತಾಳೆಗರಿಯ ಕಾಲದ ನಿಯಮಗಳಿಂದ ನೇರವಾಗಿ ನಿರ್ಣಯಿಸಲಾಗದು. ಹಾಸಿಗೆಯಲ್ಲಿ ಶಾಸ್ತ್ರ ತೆರೆಯಬಾರದೆಂಬ ಶ್ರದ್ಧಾವಂತರ ನಿಲುವಿಗೆ ಗೌರವ ಸಲ್ಲಬೇಕು. ಆದರೆ ವಯಸ್ಸಾಗಿ ಬಸದಿಗೆ ಹೋಗಲಾರದವರು, ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದಾದ ಪರದೆಯಲ್ಲಿ ಮಲಗಿದಲ್ಲಿಯೇ ಓದಿದರೆ ಅದು ಸ್ವಾಧ್ಯಾಯವಲ್ಲವೆನ್ನುವುದು ಕಷ್ಟ. ಪೆಟ್ಟಿಗೆಯಲ್ಲಿದ್ದ ಧವಳೆಗೆ ಸಂದ ವಿನಯಕ್ಕಿಂತ ಓದಿದ ಧವಳೆಗೆ ಸಂದ ವಿನಯ ದೊಡ್ಡದೆಂದು ಈ ಸೀಮೆಯ ಚರಿತ್ರೆಯೇ ಹೇಳುತ್ತದೆ.

ಇಂದಿನ ನಿಜವಾದ ಕೊರತೆ ಭಂಗಿಯದಲ್ಲ, ಪಠ್ಯದ್ದು. ಹಳೆಯ ಕನ್ನಡ ಜೈನ ಗ್ರಂಥಗಳಲ್ಲಿ ಬಹಳಷ್ಟು ಅಂತರಜಾಲದಲ್ಲಿ ದೊರೆಯುವುದು ಪುಟಗಳ ಚಿತ್ರಗಳಾಗಿ. ಅಂಥ ಚಿತ್ರವನ್ನು ಫೋನಿನಲ್ಲಿ ಹಿಗ್ಗಿಸಿದರೆ ಸಾಲು ಪರದೆಯ ಹೊರಗೆ ಹೋಗುತ್ತದೆ, ಕುಗ್ಗಿಸಿದರೆ ಒತ್ತಕ್ಷರ ಕಾಣುವುದಿಲ್ಲ, ಪದ ಹುಡುಕಲು ಬರುವುದಿಲ್ಲ, ಕಣ್ಣು ಸೋತಾಗ ಯಂತ್ರದಿಂದ ಓದಿಸಿ ಕೇಳಲೂ ಬರುವುದಿಲ್ಲ. ಅವನ್ನು ಅಕ್ಷರ ಅಕ್ಷರವಾಗಿ ಬೆರಳಚ್ಚು ಮಾಡಿ, ತಿದ್ದಿ, ಯುನಿಕೋಡ್ ಪಠ್ಯವಾಗಿ ಕೊಡುವ ಕೆಲಸ ಗಜಪತಿ ಶಾಸ್ತ್ರಿ ಮತ್ತು ಲಕ್ಷ್ಮೀಬಾಯಿಯವರು ಮಾಡಿದ ಲಿಪಿಕಾರ್ಯದ ಮುಂದುವರಿಕೆಯೇ. ಷಟ್ಖಂಡಾಗಮವನ್ನು ಬರಹಕ್ಕಿಳಿಸಿ ಮುಗಿಸಿದ ದಿನವೆಂದು ಜ್ಯೇಷ್ಠ ಶುದ್ಧ ಪಂಚಮಿಯಂದು ಆಚರಿಸುವ ಶ್ರುತಪಂಚಮಿಯಲ್ಲಿ ಬಸದಿಗಳ ಗ್ರಂಥಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ಬಟ್ಟೆಯಲ್ಲಿ ಕಟ್ಟಿ ಪೂಜಿಸುವ ರೂಢಿಯಿದೆ. ಕಟ್ಟು ಬಿಚ್ಚಿದ ಆ ದಿನದಿಂದಲೇ ಒಂದೊಂದು ಬಸದಿ ಒಂದೊಂದು ಗ್ರಂಥದ ಬೆರಳಚ್ಚಿಗೆ ಕೈಹಾಕಬಹುದು. ಅಥಣಿ, ಕಾಗವಾಡ, ಚಿಕ್ಕೋಡಿಗಳ ಕಾಲೇಜುಗಳಲ್ಲಿ ಕನ್ನಡ ಕಲಿಯುತ್ತಿರುವವರಿಗೆ ಆ ಕೆಲಸ ಮಾಡಲು ಬೇಕಾದ ವಿದ್ಯೆಯೂ ಇದೆ, ಅದಕ್ಕೆ ಬೇಕಾದ ಯಂತ್ರ ಅವರ ಕೈಯಲ್ಲಿಯೇ ಇದೆ.